“ನೋವು?” ಅಂತ ಕೇಳಿದ ಆ ಹೆಂಗಸಿಗೆ

ಹೋದ ಶುಕ್ರವಾರ ಮಧ್ಯಾಹ್ನ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬರೋ ಪಾರ್ಕ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ಅಮ್ಮ ಜಾರಿ ಬಿದ್ದರು. ಮೈಮೇಲೆ ಒದ್ದೆ ಲಂಗ ಬಿಟ್ಟರೆ ಏನೂ ಇಲ್ಲ. ಏಳಲಾಗದೆ ನರಳುತ್ತಿದ್ದರೂ “ಗಂಡಸರನ್ನ ಮಾತ್ರ ಕರೀಬೇಡ ಕಣೇ” ಅಂತ ಒಂದೇ ಹಟ.

ಕೆಳಮನೆಯ ಯಹೂದಿ ಅಜ್ಜಿ ‘ಎಜ್ರಾಸ್ ನಾಶಿಮ್’ಗೆ ಫೋನ್ ಮಾಡಿದರು. ಸಂಪ್ರದಾಯಸ್ಥ ಯಹೂದಿ ಹೆಂಗಸರೇ ನಡೆಸುವ ತುರ್ತು ಸೇವೆ ಅದು. ಹೆರಿಗೆಯಂಥ ಹೊತ್ತಲ್ಲಿ ಪರಗಂಡಸರ ಮುಂದೆ ಮುಜುಗರಪಡುವುದು ತಪ್ಪಲಿ ಅಂತಲೇ ಹುಟ್ಟಿದ್ದು; 2020ರಲ್ಲಿ ಆಂಬುಲೆನ್ಸ್ ಪರವಾನಗಿಯೂ ಸಿಕ್ಕಿತು.

ಬಂದವರು ಇಬ್ಬರು. ಉದ್ದ ಲಂಗ, ತಲೆಗೆ ಬಿಗಿದ ವಸ್ತ್ರ. ಒಬ್ಬರ ತೋಳಿನ ಮೇಲೆ ಹಿಟ್ಟು ಮೆತ್ತಿತ್ತು. ಸಂಜೆ ಶುರುವಾಗುವ ಸಬ್ಬತ್‌ಗೆ, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನಕ್ಕೆ, ಬ್ರೆಡ್ ನಾದುತ್ತಿದ್ದವರು ಹಾಗೇ ಎದ್ದು ಬಂದಿದ್ದರೇನೋ. ಅವರು ಮೊದಲು ಚೀಲ ತೆರೆಯಲಿಲ್ಲ, ಬಾಗಿಲು ಮುಂದೆ ಮಾಡಿದರು. ನನ್ನ ಗಂಡನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ದುಪ್ಪಟಿ ಇಸಿದುಕೊಂಡು ಅಮ್ಮನಿಗೆ ಕುತ್ತಿಗೆವರೆಗೂ ಹೊದಿಸಿದರು. “ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತೀರಿ?” ಅಂತ ಮುಖ ಕಿವುಚಿ ತೋರಿಸಿದರು. ಹೇಳಿಕೊಟ್ಟೆ. ಆಮೇಲೆ ದುಪ್ಪಟಿಯನ್ನು ಗೇಣಷ್ಟೇ ಸರಿಸುವುದು, ಒತ್ತುವುದು, “ನೋವು?” ಅನ್ನುವುದು, ಮತ್ತೆ ಮುಚ್ಚುವುದು. ಮೂರನೇ “ನೋವು?”ಗೆ ಅಮ್ಮ ನಕ್ಕೇಬಿಟ್ಟರು. ಆಗ ನನ್ನ ಕೈನಡುಕ ನಿಂತಿತು.

ಸೊಂಟಕ್ಕೆ ಏನೂ ಆಗಿಲ್ಲ, ಮಣಿಕಟ್ಟು ಮುರಿದಿದೆ. ಗಡಿಬಿಡಿಯಲ್ಲಿ ಹೆಸರು ಕೇಳಲಿಲ್ಲ. ನಿಮ್ಮ ಪುಟ್ಟ ಟಾರ್ಚ್ ನಮ್ಮ ಬಚ್ಚಲಲ್ಲೇ ಉಳಿದಿತ್ತು, ಕೆಳಮನೆಯ ಅಜ್ಜಿ ಕೈಲಿ ಕಳಿಸಿದ್ದೇನೆ. ಥ್ಯಾಂಕ್ಸ್ ಅಕ್ಕಾ.