ಹರಾಜಿಗೆ ಬಂದ ಗದ್ದೆ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲೇ ಇದೆ. ಇದು ಅನ್ಯಾಯದ ಕಾನೂನು ಅಂತ ಒಬ್ಬೊಬ್ಬರೂ ತಾವೇ ತೀರ್ಮಾನ ಮಾಡಿ ಮುರಿಯುತ್ತಾ ಹೋದರೆ ಊರು ನಡೆಯೋದು ಹೇಗೆ ಅಂದೆ. ಆವತ್ತು ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಉತ್ತರ ಕನ್ನಡವನ್ನೇ ನೋಡು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಸತ್ಯಾಗ್ರಹಿಗಳು ಬ್ರಿಟಿಷರ ಉಪ್ಪಿನ ಕಾಯ್ದೆ ಮುರಿದರು. ಕಣ್ಣೆದುರೇ ಸಮುದ್ರ, ಆದರೆ ಅದರ ಉಪ್ಪು ತೆಗೆದರೆ ಅಪರಾಧ. ಅವರು ಕದ್ದುಮುಚ್ಚಿ ಮಾಡಲಿಲ್ಲ. ಜನರೆದುರೇ ಉಪ್ಪು ಮಾಡಿದರು, ಹರಾಜು ಹಾಕಿದರು, ಜೈಲಿಗೂ ಹೋದರು. ತೆರಿಗೆ ಕದಿಯುವವನಿಗೆ ತನ್ನೊಬ್ಬನ ದುಡ್ಡು ಉಳಿದರೆ ಸಾಕು, ಕಾನೂನು ಹಾಗೇ ಇದ್ದರೂ ಅವನಿಗೇನೂ ಬೇಜಾರಿಲ್ಲ. ಇವರಿಗೆ ಆ ಕಾನೂನೇ ಹೋಗಬೇಕಿತ್ತು, ಅದು ಎಲ್ಲರಿಗೂ ಹೋಗಬೇಕಿತ್ತು. ಅದಕ್ಕಾಗಿ ಶಿಕ್ಷೆಯನ್ನು ತಮ್ಮ ಮೈಮೇಲೆ ಎಳೆದುಕೊಂಡರು. ಇಂಥವರಿಂದ ಊರು ಕೆಡುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಆಮೇಲೆ ನಡೆದ ಕರನಿರಾಕರಣೆ. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 1932ರಲ್ಲಿ ಸಿದ್ದಾಪುರ, ಅಂಕೋಲೆ ಕಡೆಯ ರೈತರು ಕಂದಾಯ ಕಟ್ಟುವುದಿಲ್ಲ ಅಂದರು. ಸರ್ಕಾರ ಗದ್ದೆ, ತೋಟ, ದನಕರು, ಪಾತ್ರೆ ಎಲ್ಲ ಜಪ್ತಿ ಮಾಡಿ ಹರಾಜಿಗಿಟ್ಟಿತು. ಗಂಡಸರು ಜೈಲಿನಲ್ಲಿ. ಮನೆಯ ಹೆಂಗಸರು, ಮಕ್ಕಳು ಸೂರಿಲ್ಲದೆ ಬೀದಿಗೆ ಬಂದರು. ನಾವು ಹೋರಾಟ ಅಂದಾಗ ಜೈಲಿಗೆ ಹೋದವರನ್ನಷ್ಟೇ ನೆನೆಯುತ್ತೇವೆ, ಹೊರಗೆ ಉಳಿದು ಒಲೆ ಹಚ್ಚೋಕೆ ಜಾಗ ಹುಡುಕಿದವರನ್ನು ಮರೆತುಬಿಡುತ್ತೇವೆ.

ಆ ಹರಾಜಿನಲ್ಲಿ ಕೊಂಡವರೂ ಇದ್ದರು. ಕೊಂಡಿದ್ದು ಕಾನೂನು ಪ್ರಕಾರ ತಪ್ಪೇ ಅಲ್ಲ ನೋಡು, ದುಡ್ಡು ಕೊಟ್ಟರು, ಜಮೀನು ಸಿಕ್ಕಿತು. ಆದರೆ ಸಿದ್ದಾಪುರ ಸೀಮೆಯ ಹೆಂಗಸರು ಅವರ ಮನೆ ಬಾಗಿಲಿಗೇ ಹೋಗಿ ಉಪವಾಸ ಕೂತರು. ಮಾವಿನಗುಂಡಿಯಲ್ಲಿ ನಡೆದದ್ದು ಅದೇ. ಅವರು ಕೂತಿದ್ದು ಕಚೇರಿಯ ಮುಂದಲ್ಲ, ತಮ್ಮಂಥದೇ ಮನೆಯ ಮುಂದೆ. ಆ ಮನೆಯವರಿಗೆ ಕಂದಾಯ ನಿಲ್ಲಿಸಿ ಜೈಲಿಗೆ ಹೋಗಿ ಅಂತಲೂ ಹೇಳಲಿಲ್ಲ. ಕೇಳಿದ್ದು ಇಷ್ಟೇ, ನಮ್ಮಿಂದ ಕಿತ್ತುಕೊಂಡದ್ದನ್ನು ನೀವು ಇಟ್ಟುಕೊಳ್ಳಬೇಡಿ.

ಕೆಟ್ಟ ಕಾನೂನನ್ನು ಮುರಿಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ನನಗೂ ಇದೆಯೋ ಇಲ್ಲವೋ. ಮಕ್ಕಳಿರುವ ಮನೆಯವನಿಗೆ ನೀನು ಯಾಕೆ ಜೈಲಿಗೆ ಹೋಗಲಿಲ್ಲ ಅಂತ ನಾನಂತೂ ಕೇಳಲಾರೆ. ಆದರೆ ಅದೇ ಕಾನೂನು ಪಕ್ಕದ ಮನೆಯವನ ಗದ್ದೆಯನ್ನು ಕಡಿಮೆ ಬೆಲೆಗೆ ನನ್ನ ಕೈಗಿಟ್ಟರೆ ಬೇಡ ಅನ್ನೋಕೆ ಜೈಲಿಗೆ ಹೋಗಬೇಕಾಗಿಲ್ಲ ಅಲ್ವಾ? ನೀನು ಮುರಿಯುವವರ ಬಗ್ಗೆ ಮಾತ್ರ ಕೇಳಿದೆ. ನನಗೆ ಈ ಕೊಳ್ಳುವವರ ಪ್ರಶ್ನೆಯೇ ಹೆಚ್ಚು ಹತ್ತಿರದ್ದು ಅನ್ನಿಸುತ್ತಿದೆ.

ಜೋಗಕ್ಕೆ ಹೋಗುವಾಗ ನಾವು ಎಷ್ಟು ಸಲ ಮಾವಿನಗುಂಡಿ ದಾಟಿಲ್ಲ ಹೇಳು. ಈ ಸಲ ಊರಿಗೆ ಬಂದಾಗ ಅಲ್ಲಿ ಇಳಿಯೋಣ. ಸುಮ್ನೆ ಸ್ವಲ್ಪ ಹೊತ್ತು ಕೂತು ಬರೋಣ.

ನಿನ್ನ ಗೆಳೆಯ