ಮೊಣಕೈ ಮುಟ್ಟಿ ನೋಡು

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ, ಇಂಗ್ಲೆಂಡಿನಲ್ಲಿ ನಿನ್ನ ಹತ್ತಿರ ಬಂದ ಆ ಹೋಟೆಲ್ ಅಡುಗೆಯವನ ವಿಷಯ ಹೇಳಿದೆಯಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ತೋಳಿನ ಮೇಲೆ ಮಚ್ಚೆ. ಒಂದೂವರೆ ವರ್ಷದಿಂದ ಹುಳುಕಡ್ಡಿ ಮುಲಾಮು. ತುರಿಕೆಯೂ ಇಲ್ಲ, ಮಾಯುವುದೂ ಇಲ್ಲ. ಕೊನೆಯಲ್ಲಿ, ಕಿರುಬೆರಳು ಸುಟ್ಟಿದ್ದು ಅವನಿಗೆ ಗೊತ್ತೇ ಆಗಲಿಲ್ಲವಂತೆ ಎಂದು ನೀನು ನಕ್ಕೆ. ನಾನು ನಗಲಿಲ್ಲ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಅದಕ್ಕೇ ಈ ಕಾಗದ.

ನಾನು ನಿನ್ನ ಹಾಗೆ ಡಾಕ್ಟರಲ್ಲ, ಗೊತ್ತಲ್ಲ. ಕುಷ್ಠ ಕಾರ್ಯಕ್ರಮದಲ್ಲಿ ಮನೆಮನೆ ಸುತ್ತಿದವನು. ಆದರೆ ಇದೊಂದು ವಿಷಯದಲ್ಲಿ ನಿನಗಿಂತ ಜಾಸ್ತಿ ಕಂಡಿದ್ದೇನೆ.

ನಮ್ಮಲ್ಲಿ ಬೇಸಿಗೆ ಹತ್ತಿರ ಬಂದಾಗ ಯಾರಿಗಾದರೂ ಜ್ವರ ಬಂದರೆ ಮೊದಲ ಪ್ರಶ್ನೆ, ‘ಕಾಡಿಗೆ ಹೋಗಿದ್ರಾ? ಮಂಗ ಸತ್ತಿತ್ತಾ?’ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡ ಮೇಲೆ ಆ ಪ್ರಶ್ನೆ ನಮ್ಮ ನಾಲಿಗೆ ತುದಿಯಲ್ಲೇ ಇದೆ. ಅದೇ ರೋಗಿ ದೂರದ ಊರಿನ ಆಸ್ಪತ್ರೆಗೆ ಹೋದರೆ ಅದನ್ನು ಹರಡುವ ಉಣುಗಿನ ನೆನಪು ಯಾರಿಗೆ ಬರುತ್ತದೆ? ಇಂಗ್ಲೆಂಡಿನಲ್ಲಿ ಕುಷ್ಠದ ಕತೆಯೂ ಅದೇ. ಅಲ್ಲಿ ಸಿಗುವ ಕೇಸುಗಳೆಲ್ಲ ಹೊರದೇಶದಲ್ಲಿ ಅಂಟಿದವು, ಬೆರಳೆಣಿಕೆಯಷ್ಟು. ಮಚ್ಚೆ ಕಂಡರೆ ಫಂಗಸ್ ಅನ್ನುತ್ತಾರೆ. ಕೈ ಜೋಮು ಹಿಡಿದರೆ ಸಕ್ಕರೆ ಕಾಯಿಲೆ, ಗಂಟು ಊದಿದರೆ ಸಂಧಿವಾತ. ಚರ್ಮದ ಡಾಕ್ಟರ್ ಚರ್ಮ ನೋಡುತ್ತಾರೆ, ನರದ ಡಾಕ್ಟರ್ ನರ ನೋಡುತ್ತಾರೆ. ಎರಡನ್ನೂ ಹಿಡಿಯುವ ಈ ಕಾಯಿಲೆ ಇಬ್ಬರ ಕೈಗೂ ಸಿಗುವುದಿಲ್ಲ.

ಇದೆಲ್ಲ ನಾನು ಜಂಬದಿಂದ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಡಿಕೆ ಸುಲಿಯುವ ಹೆಂಗಸೊಬ್ಬಳಿದ್ದಳು. ಮೆಟ್ಟುಗತ್ತಿಗೆ ಬೆರಳು ಕೊಯ್ದು ರಕ್ತ ಸುರಿಯುತ್ತಿದ್ದರೂ ಮಾತಾಡುತ್ತಾ ಸುಲಿಯುತ್ತಲೇ ಇದ್ದಳು. ಎಂಥ ಗಟ್ಟಿಗಿತ್ತಿ ಅಂದುಕೊಂಡು ಚಾ ಕುಡಿದು ಎದ್ದು ಬಂದೆ. ಕುಷ್ಠ ಹುಡುಕುವುದೇ ನನ್ನ ಕೆಲಸ, ನೋಡು! ಎರಡು ವರ್ಷ ಬಿಟ್ಟು ಹೋದಾಗ ಅವಳ ಕೊನೆಯ ಎರಡು ಬೆರಳು ಮಡಚಿಕೊಂಡಿದ್ದವು. ಮಾತ್ರೆಯಿಂದ ರೋಗ ವಾಸಿಯಾಯಿತು, ಬೆರಳು ನೆಟ್ಟಗಾಗಲಿಲ್ಲ. ನರ ಕೆಟ್ಟು ಆರು ತಿಂಗಳೊಳಗೆ ಸ್ಟೀರಾಯ್ಡ್ ಸಿಕ್ಕಿದ್ದರೆ ಉಳಿಯುವ ಸಾಧ್ಯತೆ ಇತ್ತು.

ಹಾಗಾಗಿ ಅವನು ಮತ್ತೆ ಬಂದಾಗ ಕಂಪ್ಯೂಟರ್ ಬಿಟ್ಟು ಅವನ ಹತ್ತಿರ ಕೂರು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮೊದಲು ಒಳ್ಳೆಯ ಚರ್ಮ ಮುಟ್ಟು, ಆಮೇಲೆ ಮಚ್ಚೆ. ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸಲಿ. ‘ಗೊತ್ತಾಯ್ತಾ?’ ಎಂದು ಕೇಳಬೇಡ. ಡಾಕ್ಟರಿಗೆ ಬೇಜಾರಾಗಬಾರದು ಅಂತ ಹೂಂ ಅಂದುಬಿಡುತ್ತಾರೆ. ಆಮೇಲೆ ಮೊಣಕೈ ಒಳಮಗ್ಗುಲಿನ ಮೂಳೆಯ ಹಿಂದೆ ಕೈಯಾಡಿಸು. ನರ ಹಗ್ಗದ ಹಾಗೆ ದಪ್ಪಗಿದೆಯಾ? ಎರಡೂ ಕೈ ಹೋಲಿಸು. ಕಿವಿಯ ಕೆಳಗೆ, ಕುತ್ತಿಗೆಯಲ್ಲಿ, ಮೊಣಕಾಲಿನ ಹೊರಮಗ್ಗುಲಲ್ಲೂ ನೋಡು. ಮಚ್ಚೆಯಲ್ಲಿ ಸ್ಪರ್ಶ ಇದೆ ಅಂತ ತಕ್ಷಣ ಕೈಬಿಡಬೇಡ. ರೋಗಾಣು ಜಾಸ್ತಿ ಇರುವ ಬಗೆಯಲ್ಲಿ ಮಚ್ಚೆಗೆ ಸ್ಪರ್ಶ ಗೊತ್ತಾಗುವುದುಂಟು.

ಇನ್ನೊಂದು. ‘ಇತ್ತೀಚೆಗೆ ಎಲ್ಲಿಗೆ ಹೋಗಿದ್ರಿ?’ ಎಂಬ ಪ್ರಶ್ನೆ ಮಲೇರಿಯಾಕ್ಕೆ ಸರಿ, ಇದಕ್ಕೆ ಸಾಲದು. ಈ ರೋಗಾಣು ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಅಂಟಿದ ಮೇಲೆ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು. ಎಲ್ಲಿ ಹುಟ್ಟಿದೆ, ಎಲ್ಲೆಲ್ಲಿ ಬದುಕಿದೆ, ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ ಎಂದು ಕೇಳು.

ಬಯಾಪ್ಸಿಗೆ ಕಳಿಸಿದರೆ ಚೀಟಿಯಲ್ಲಿ ಕುಷ್ಠದ ಅನುಮಾನ ಅಂತ ಬಿಡಿಸಿ ಬರೆ. ಇದರ ರೋಗಾಣು, ಪರೀಕ್ಷೆಗೆ ಹಾಕುವ ಬಣ್ಣವನ್ನು ಕ್ಷಯದ್ದರಷ್ಟು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಹೇಳದಿದ್ದರೆ ಲ್ಯಾಬಿನವರು ಅದಕ್ಕೆ ಬೇಕಾದ ಫೈಟ್ ಎಂಬ ಬೇರೆ ಬಣ್ಣ ಹಾಕುವುದಿಲ್ಲ. ಲ್ಯಾಬಿನಲ್ಲಿ ಇದನ್ನು ಬೆಳೆಸಿ ನೋಡಲೂ ಆಗುವುದಿಲ್ಲ. ರೋಗಾಣು ಕಡಿಮೆ ಇರುವವರ ಸ್ಲೈಡ್‌ನಲ್ಲಿ ಏನೂ ಸಿಗುವುದಿಲ್ಲ. ಸ್ಲೈಡ್ ಖಾಲಿ ಬಂತು ಅಂತ ಬಿಟ್ಟುಬಿಡಬೇಡ.

ಹೆಸರು ಹೇಳುವಾಗ ಮಾತ್ರ ನಿಧಾನ. ಅವನೂ ನಮ್ಮ ಕಡೆಯವನೇ ಅಂದೆಯಲ್ಲ. ಇಲ್ಲಿ 2019ರವರೆಗೂ ಕುಷ್ಠ ಇದೆ ಎಂದು ವಿಚ್ಛೇದನ ಕೇಳಲು ಕಾನೂನಿನಲ್ಲೇ ಜಾಗವಿತ್ತು. ಅಂಥ ಊರಲ್ಲಿ ಬೆಳೆದವನಿಗೆ ಆ ಪದ ಕಿವಿಗೆ ಬಿದ್ದರೆ ಮುಂದಿನದು ಕೇಳಿಸುವುದಿಲ್ಲ. ವಾಸಿಯಾಗುತ್ತದೆ, ಆರು ತಿಂಗಳೋ ಒಂದು ವರ್ಷವೋ ಮಾತ್ರೆ ಅಷ್ಟೇ, ಶುರು ಮಾಡಿದ ಕೆಲವೇ ದಿನಗಳಲ್ಲಿ ಬೇರೆಯವರಿಗೆ ಅಂಟುವುದಿಲ್ಲ, ಇದನ್ನು ಮೊದಲು ಹೇಳು. ಹೆಸರು ಆಮೇಲೆ.

ಇಲ್ಲಿ ಮಳೆ ಜೋರು, ಕರೆಂಟು ಬಂದು ಹೋಗಿ ಮಾಡುತ್ತಿದೆ. ಆದರೂ ಮೊಬೈಲ್ ಚಾರ್ಜ್ ಮಾಡಿ ದಿಂಬಿನ ಪಕ್ಕ ಇಟ್ಟುಕೊಂಡಿರುತ್ತೇನೆ. ಅವನ ಮೊಣಕೈ ಮುಟ್ಟಿ ನೋಡಿದ ದಿನ, ಇಲ್ಲಿ ನಡುರಾತ್ರಿಯಾದರೂ ಸರಿ, ಫೋನ್ ಮಾಡು.

ನಿನ್ನ
ದೊಡ್ಡಪ್ಪ