ಉತ್ತರಕ್ಕೆ ಹೊರಟವನು ಇನ್ನೂ ತಲುಪಿಲ್ಲ

ಎಲ್ಲರಿಗೂ ನಮಸ್ಕಾರ.

ಈ ಸಂಚಿಕೆ ಹೊಸ ವರ್ಷಕ್ಕೇ ನಿಮ್ಮ ಕೈ ಸೇರಬೇಕಿತ್ತು. ಸೇರಲಿಲ್ಲ, ತಪ್ಪು ನನ್ನದೇ. ಡಿಸೆಂಬರ್ ಕೊನೆಯ ವಾರ ಮೂರು ಮನೆಯವರು ಸೇರಿ ನಾರ್ವೆ ಸುತ್ತಲು ಹೋಗಿದ್ದೆವು. ಬಂದ ಮೇಲೆ ಬಟ್ಟೆ ಒಗೆಯುವುದರಲ್ಲೇ ಒಂದು ವಾರ ಕಳೆಯಿತು. ಈಗ ರಾತ್ರಿ ಹನ್ನೊಂದೂವರೆ. ನಾಳೆ ಬೆಳಿಗ್ಗೆ ಪುಟಗಳು ಹೋಗಬೇಕು. ಸಂಪಾದಕೀಯದ ಜಾಗ ಮಾತ್ರ ಖಾಲಿ ಇದೆ.

ಸಂಕ್ರಾಂತಿ ಬಗ್ಗೆ ನಾಲ್ಕು ಸಾಲು ಗೀಚಿ ಮಲಗೋಣ ಅಂತ ಕೂತಿದ್ದೆ. ಸಂಜೆ ಎಳ್ಳು ಬೆಲ್ಲದ ಪೊಟ್ಟಣ ಕಟ್ಟುತ್ತಿದ್ದ ಮಗಳಿಗೂ ಅದನ್ನೇ ಹೇಳಿದ್ದೆ, "ಸೂರ್ಯ ಉತ್ತರದ ಕಡೆ ಹೊರಡೋ ಹಬ್ಬ ಕಣೇ ಇದು" ಅಂತ. ಅವಳು ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡು, "ಹಾಗಾದ್ರೆ ಟ್ರೊಮ್ಸೊಗೆ ಹೊರಟಿದ್ದಾನೆ. ಇನ್ನೂ ತಲುಪಿಲ್ಲ ಅಲ್ವಾ ಅಮ್ಮಾ?" ಅಂದಳು.

ಹೌದಲ್ಲ! ನಾವು ನೋಡಿಬಂದ ಟ್ರೊಮ್ಸೊ ನಾರ್ವೆಯ ಉತ್ತರದ ಊರು. ಅಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಸಂಕ್ರಾಂತಿ ಹೊತ್ತಿಗೆ ದಿಗಂತದ ಅಂಚಿಗೆ ಬರುತ್ತಾನೆ. ಆದರೆ ದಕ್ಷಿಣಕ್ಕೆ ಗುಡ್ಡಗಳಿವೆ. ಹಾಗಾಗಿ ಊರಿನವರಿಗೆ ಮುಖ ಕಾಣುವುದು ಜನವರಿ 21ರ ಸುಮಾರಿಗೆ. ಅವತ್ತು ಅವರಿಗೆ ಸೂರ್ಯನ ದಿನ. 'ಸೂಲ್‌ಬೊಲ್ಲೆ' ಅಂತ ಒಂದು ದುಂಡನೆಯ ಸಿಹಿ ತಿನ್ನುತ್ತಾರೆ. ನಮ್ಮ ಈ ನೆದರ್ಲೆಂಡ್ಸ್‌ನ ಒಲಿಬೊಲ್ಲೆನ್‌ಗೆ ದೂರದ ನೆಂಟ ಅಂದುಕೊಳ್ಳಿ. ನಾವು ಎಳ್ಳು ಬೀರುತ್ತೇವೆ, ಅವರು ಬನ್ನು ತಿನ್ನುತ್ತಾರೆ. ನಡುವೆ ಒಂದು ವಾರದ ಅಂತರ.

(ಕನ್ನಡ ತರಗತಿಯ ದೊಡ್ಡ ಮಕ್ಕಳು ತಕರಾರು ತೆಗೆಯುವ ಮೊದಲೇ ಹೇಳಿಬಿಡುತ್ತೇನೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ಓಲಾಡುತ್ತದೆ. ಅದರಿಂದ ನಮ್ಮ ಪಂಚಾಂಗದ ಸಂಕ್ರಾಂತಿ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತಾ ಬಂದಿದೆ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಇದ್ದವು. ಸರಿ, ಮುಂದಕ್ಕೆ.)

ಪ್ರವಾಸದ ಪೂರ್ತಿ ಕಥೆ ಬರೆದರೆ ಜಾಗ ಸಾಲದು. ಓಸ್ಲೊದಲ್ಲಿ ಜಾರಿ ಬಿದ್ದವರ ಲೆಕ್ಕ: ದೊಡ್ಡವರು ಮೂವರು, ಮಕ್ಕಳು ಸೊನ್ನೆ. ಬೂಟಿನ ತಳಕ್ಕೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಸಿಗುತ್ತದೆ. ಬಿದ್ದ ಮೇಲೆ ಕೊಂಡೆವು. ಕಂದು ಚೀಸ್, ಬ್ರೂನೊಸ್ಟ್ ತಿಂದೆವು. ಹಾಲೊಡೆದ ನೀರನ್ನು ಹೊತ್ತುಗಟ್ಟಲೆ ಕಾಯಿಸಿ, ಅದರೊಳಗಿನ ಸಕ್ಕರೆ ಕಂದಾಗುವವರೆಗೆ ಬತ್ತಿಸಿ ಮಾಡುತ್ತಾರೆ. ಬಣ್ಣ ಥೇಟ್ ಪೇಡೆ. ಜೊತೆಗಿದ್ದ ಧಾರವಾಡದ ಗೆಳೆಯರು ಒಂದು ಚೂರು ಬಾಯಿಗಿಟ್ಟು, "ಪೇಡಾಕ್ಕ ಉಪ್ಪು ಹಾಕ್ಯಾರಲೇ ಇವ್ರು!" ಅಂತ ಕೂಗಿದರು. ಆಮೇಲೆ ಅರ್ಧ ಕಿಲೋ ಕೊಂಡರು, ಅದು ಬೇರೆ ಮಾತು.

ಬರ್ಗೆನ್ ರೈಲು ಹಿಡಿದು ಮ್ಯೂರ್ದಾಲ್‌ನಲ್ಲಿ ಇಳಿದು, ಅಲ್ಲಿಂದ ಫ್ಲೋಮ್‌ಗೆ ಇಳಿಯುವ ರೈಲು ಹತ್ತಿದೆವು. 20 ಕಿಲೋಮೀಟರ್ ದಾರಿ, 20 ಸುರಂಗ. 867 ಮೀಟರ್ ಎತ್ತರದಿಂದ ಸಮುದ್ರದ ಮಟ್ಟಕ್ಕೆ ಒಂದು ಗಂಟೆಯಲ್ಲಿ ಇಳಿಸುತ್ತದೆ. "ನಮ್ಮ ಸಕಲೇಶಪುರ ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ ಇವೆ" ಅಂತ ಕಾರ್ಕಳದವರು ಶುರು ಮಾಡಿದರು. ಹೌದು ಇವೆ. ಆದರೆ ಅಲ್ಲಿ ಐವತ್ತಕ್ಕೆ ಒಂದಡಿ ಇಳಿಜಾರು, ಇಲ್ಲಿ ಹದಿನೆಂಟಕ್ಕೆ ಒಂದು. ಈ ವಾದ ಫ್ಲೋಮ್ ಮುಟ್ಟುವವರೆಗೂ ನಡೆಯಿತು. ನಡುವೆ ಹೆಪ್ಪುಗಟ್ಟಿ ನಿಂತ ಜಲಪಾತವನ್ನು ಯಾರೂ ಸರಿಯಾಗಿ ನೋಡಲಿಲ್ಲ.

ನಾನು ಹೇಳಬೇಕೆಂದಿರುವುದು ರ್ಯೂಕನ್ ಅನ್ನುವ ಊರಿನ ಬಗ್ಗೆ. ಪ್ರವಾಸದ ಪಟ್ಟಿಗಳಲ್ಲಿ ಅಷ್ಟಾಗಿ ಇರದ ಊರು. ಓಸ್ಲೊದಿಂದ ವ್ಯಾನಿನಲ್ಲಿ ಒಂಬತ್ತು ಜನ, ಮೂರು ಗಂಟೆಗೂ ಜಾಸ್ತಿ ಹಿಮದ ದಾರಿ. ಆಳವಾದ ಕಣಿವೆ. ಎರಡೂ ಕಡೆ ಗೋಡೆಯಂಥ ಬೆಟ್ಟ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಕಣಿವೆಯ ತಳಕ್ಕೆ ಬಿಸಿಲು ಬೀಳುವುದಿಲ್ಲ. ಮೇಲೆ ಆಕಾಶ ನೀಲಿ, ಬೆಟ್ಟದ ತಲೆಯಲ್ಲಿ ಬಂಗಾರದ ಬಿಸಿಲು, ಕೆಳಗೆ ಬರೀ ನೆರಳು. ಅಂಥ ಕಡೆ ಊರು ಯಾಕೆ ಕಟ್ಟಿದರು ಅಂದರೆ ನೀರಿಗಾಗಿ. ನಮ್ಮ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತೆಗೆದ ಹಾಗೆ, ಇಲ್ಲಿ ಜಲಪಾತದಿಂದ ವಿದ್ಯುತ್ ತೆಗೆದು, ಗಾಳಿಯ ಸಾರಜನಕದಿಂದ ಗೊಬ್ಬರ ಮಾಡಿದರು.

1913ರಲ್ಲೇ ಈ ಊರಿನಲ್ಲಿ ಒಂದು ಮಾತು ಹುಟ್ಟಿತ್ತು: ಬೆಟ್ಟದ ಮೇಲೆ ಕನ್ನಡಿ ಇಟ್ಟು ಬಿಸಿಲನ್ನು ಕೆಳಗೆ ತಿರುಗಿಸಿದರೆ ಹೇಗೆ? ಆಗ ಆಗಲಿಲ್ಲ. ಬದಲಿಗೆ ಗೊಬ್ಬರದ ಕಂಪನಿ 1928ರಲ್ಲಿ ಒಂದು ಕೇಬಲ್ ಕಾರ್ ಕಟ್ಟಿಸಿ ಕೊಟ್ಟಿತು. ಮೇಲಕ್ಕೆ ಹೋಗಿ ಸೂರ್ಯನನ್ನು ನೋಡಿಕೊಂಡು ಬನ್ನಿ ಅಂತ! ಕನ್ನಡಿ ಬಂದದ್ದು 2013ರಲ್ಲಿ, ಸರಿಯಾಗಿ ನೂರು ವರ್ಷದ ಮೇಲೆ. ಪೇಟೆ ಚೌಕದಿಂದ 450 ಮೀಟರ್ ಮೇಲೆ ಮೂರು ದೊಡ್ಡ ಕನ್ನಡಿಗಳು. ಸೂರ್ಯ ಸರಿದ ಹಾಗೆ ಅವೂ ತಿರುಗುತ್ತವೆ.

ನಾವು ಹೋದಾಗ ಮೋಡ. ಚೌಕದಲ್ಲಿ ಕೈ ಉಜ್ಜಿಕೊಳ್ಳುತ್ತಾ ಮುಕ್ಕಾಲು ಗಂಟೆ ನಿಂತೆವು. ಆಮೇಲೆ ಮೋಡ ಹರಿದು ಬೆಟ್ಟದ ಮೇಲೆ ಮೂರು ಚುಕ್ಕೆ ಝಗ್ ಅಂದವು. ಹಿಮದ ಮೇಲೆ ಬೆಳಕಿನ ಚಾಪೆ ಬಿದ್ದಂತಾಯಿತು. ಊರಿನ ಒಬ್ಬ ಮುದುಕಿ ಕೈಚೀಲ ಕೆಳಗಿಟ್ಟು, ಮುಖ ಮೇಲೆ ಮಾಡಿ, ಕಣ್ಣು ಮುಚ್ಚಿ ನಿಂತರು. ಹತ್ತೇ ನಿಮಿಷ, ಮತ್ತೆ ಮೋಡ.

ಆ ಮುದುಕಿ ನಿಂತ ರೀತಿ ನೋಡಿ ನನಗೆ ಅಜ್ಜಿ ನೆನಪಾದರು. ತೀರ್ಥಹಳ್ಳಿ ಕಡೆಯ ನಮ್ಮ ಮನೆ. ಅಜ್ಜಿಗೆ ಭಾನುವಾರದ ವ್ರತ. ಸೂರ್ಯನ ಮುಖ ನೋಡದೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಬೇಸಿಗೆಯಲ್ಲಿ ಇದು ಯಾವ ಮಹಾ ವ್ರತ! ಪುನರ್ವಸು, ಪುಷ್ಯ ಮಳೆ ಹಿಡಿದರೆ ಕಷ್ಟ. ವಾರಗಟ್ಟಲೆ ಬಿಡದ ಮಳೆ. ಬಚ್ಚಲ ಒಲೆಯ ಮೇಲೆ ಒಣಗದ ಬಟ್ಟೆ, ಜಗಲಿಯಲ್ಲಿ ನೀರು ಸೋರುವ ಕಂಬಳಿಕೊಪ್ಪೆ, ಮನೆಯೆಲ್ಲ ಮುಗ್ಗುಲು ವಾಸನೆ. ಮೋಡದ ಹಿಂದೆ ತಟ್ಟೆಯಷ್ಟು ಬಿಳಿ ಕಂಡರೂ ಸಾಕಿತ್ತು ಅವರಿಗೆ. ಕಾಯುವ ಕೆಲಸ ನನ್ನದು. ಬೆಳಿಗ್ಗೆಯಿಂದ ಜಗಲಿ ತುದಿಯಲ್ಲಿ ಕೂತು ಆಕಾಶ ನೋಡಬೇಕು, ಕಂಡ ಕೂಡಲೇ ಕೂಗಬೇಕು.

ಒಂದು ಭಾನುವಾರ ಒಳಗೆ ಗೋಧಿ ಪಾಯಸ ಆಗಿತ್ತು. ಅಜ್ಜಿಯ ಪೂಜೆ ಮುಗಿಯದೆ ನಮಗೂ ಇಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ತಡೆಯಲಾಗದೆ "ಬಂತು ಅಜ್ಜೀ, ಬಂತು!" ಅಂತ ಕೂಗಿಬಿಟ್ಟೆ. ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂಗಳಕ್ಕೆ ಓಡಿಬಂದರು. ತಲೆ ಎತ್ತಿದರು. ಕನ್ನಡಕದ ಮೇಲೆ ಮಳೆ ಹನಿ. ಒಂದು ಸಲ ಆಕಾಶ ನೋಡಿದರು, ಒಂದು ಸಲ ನನ್ನನ್ನು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಒಂದು ಬಟ್ಟಲು ಪಾಯಸ ತಂದು ನನ್ನ ಮುಂದಿಟ್ಟು, "ನಿನಗೆ ಕಂಡಿತಲ್ಲ, ನೀನು ತಿನ್ನು" ಅಂದರು. ಅವತ್ತು ಸೂರ್ಯ ಬರಲೇ ಇಲ್ಲ. ಅಜ್ಜಿ ಉಂಡದ್ದು ಮರುದಿನ ಒಂಬತ್ತೂವರೆಗೆ. ನಾನು ಪಾಯಸ ಪೂರ್ತಿ ತಿಂದೆ, ಅದೂ ನಿಜ. ಮುಂದಿನ ಭಾನುವಾರದಿಂದ ಆ ಕೆಲಸಕ್ಕೆ ತಮ್ಮನನ್ನು ಕೂರಿಸಿದರು.

ಚೌಕದಲ್ಲಿ ನಿಂತು ಇದನ್ನೆಲ್ಲ ಹೇಳಿದ ಮೇಲೆ ಮಗಳ ಪ್ರಶ್ನೆ: "ಮುತ್ತಜ್ಜಿಗೆ ಕನ್ನಡಿ ಬಿಸಿಲು ನಡೀತಿತ್ತಾ?" ಗೊತ್ತಿಲ್ಲ ಮಗಾ. ಆ ಕನ್ನಡಿಯನ್ನು ಒರೆಸಿದವರು ಸ್ನಾನ ಮಾಡಿದ್ದರಾ ಅಂತ ಮೊದಲು ಕೇಳುತ್ತಿದ್ದರು.

ಟ್ರೊಮ್ಸೊದಲ್ಲಿ ಈ ಕಷ್ಟ ಬೇರೆಯವರಿಗೆ ಬಂತು. ಕಾರ್ಕಳದ ಗಂಡ ಹೆಂಡತಿ ಜೈನರು, ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಹುಟ್ಟದ ಸೂರ್ಯ ಮುಳುಗುವುದು ಯಾವಾಗ? ಊರಿಗೆ ಫೋನು ಹೋಯಿತು. "ಇಲ್ಲಿಯ ಹೊತ್ತೇ ಹಿಡಿಯಿರಿ" ಅಂತ ಅತ್ತೆಯವರ ತೀರ್ಪು. ಕಾರ್ಕಳದಲ್ಲಿ ಸಂಜೆ ಆರೂ ಕಾಲು ಅಂದರೆ ಅಲ್ಲಿ ಮಧ್ಯಾಹ್ನ ಒಂದೂ ಮುಕ್ಕಾಲು. ಪಾಪ, ಮೂರು ದಿನವೂ ಎರಡು ಗಂಟೆಯೊಳಗೆ ದಿನದ ಊಟವೆಲ್ಲ ಮುಗಿಸಿ ಕೂತರು. ಪೂರ್ತಿ ಕತ್ತಲೆಯೇನಲ್ಲ ಅನ್ನಿ. ನಡುಹಗಲಿಗೆ ಮೂರು ನಾಲ್ಕು ಗಂಟೆ ಇಂಕಿನಂಥ ನೀಲಿ ಬೆಳಕಿರುತ್ತದೆ.

ರಾತ್ರಿ ಆಕಾಶದಲ್ಲಿ ಬಣ್ಣವಾಗಿ ಆಡುವ 'ಉತ್ತರದ ಬೆಳಕು' (ಅರೋರಾ) ನೋಡಲು ಮೊದಲ ರಾತ್ರಿ ದುಡ್ಡು ಕೊಟ್ಟು ಬಸ್ಸಿನಲ್ಲಿ ಹೋದೆವು. ಫಿನ್ಲೆಂಡ್ ಗಡಿಯ ಹತ್ತಿರದವರೆಗೆ ಓಡಿಸಿ, ಮೋಡ ತೋರಿಸಿ, ಎರಡು ಗಂಟೆಗೆ ವಾಪಸ್ ಬಿಟ್ಟರು. ಎಷ್ಟಾಯಿತು ಅಂತ ಬರೆಯುವುದಿಲ್ಲ, ನಮ್ಮ ಯಜಮಾನರೂ ಇದನ್ನು ಓದುತ್ತಾರೆ. ಮೂರನೇ ರಾತ್ರಿ ಬಾಡಿಗೆ ಮನೆಯಲ್ಲಿ ಬಿಸಿಬೇಳೆಬಾತ್‌ಗೆ ಇಟ್ಟಿದ್ದೆ. ಮಕ್ಕಳನ್ನು ಕಿಟಕಿ ಕಾಯಲು ಕೂರಿಸಿದ್ದೆವು. ಧಾರವಾಡದವರು ತಮಾಷೆಗೆ ಎರಡು ಸಲ "ಬಂತ್ರೋ!" ಅಂತ ಕೂಗಿ ಎಲ್ಲರನ್ನೂ ಓಡಿಸಿದ್ದರು. ಹಾಗಾಗಿ ಮಗಳು "ಬಂತು" ಅಂದಾಗ ಒಬ್ಬರೂ ಏಳಲಿಲ್ಲ. ಅವಳು ಇನ್ನೊಮ್ಮೆ ಕೂಗಲಿಲ್ಲ. ಸುಮ್ನೆ ಬೂಟು ಹಾಕಿಕೊಂಡು ಹೊರಗೆ ನಡೆದಳು. ಅದನ್ನು ನೋಡಿಯೇ ನಾನು ಎದ್ದದ್ದು.

ಮೊದಲು ಬರೀ ಬಿಳಿ ಗೆರೆ. ಕಣ್ಣಿಗಿಂತ ಫೋನಿನಲ್ಲೇ ಹಸಿರು ಜಾಸ್ತಿ. ಆಮೇಲೆ, ತಂತಿಗೆ ಒಣಹಾಕಿದ ಉದ್ದದ ಸೀರೆ ಗಾಳಿಗೆ ಒಮ್ಮೆ ಮಡಿಸಿ ಬಿಚ್ಚಿಕೊಂಡ ಹಾಗೆ ಆಯಿತು. ಯಾರೂ ಮಾತಾಡಲಿಲ್ಲ, ಧಾರವಾಡದವರೂ. ಸೂರ್ಯನಿಂದ ಹಾರಿಬಂದ ಕಣಗಳು ನೂರಕ್ಕೂ ಹೆಚ್ಚು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಆಮ್ಲಜನಕಕ್ಕೆ ಬಡಿದು ಏಳುವ ಹಸಿರು ಅದು. ಸೂರ್ಯನ ಕಣಗಳನ್ನು ಭೂಮಿಯ ಅಯಸ್ಕಾಂತ ಧ್ರುವಗಳ ಕಡೆ ಎಳೆಯುತ್ತದೆ ಅಂತ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಭೂಮಿ ಇಟ್ಟು ತೋರಿಸಿದವರು ಕ್ರಿಸ್ಟಿಯಾನ್ ಬಿರ್ಕೆಲಾಂಡ್. ರ್ಯೂಕನ್ ಕಾರ್ಖಾನೆಯಲ್ಲಿ ಗಾಳಿಯಿಂದ ಗೊಬ್ಬರ ಮಾಡುವ ವಿಧಾನ ಕಂಡುಹಿಡಿದವರಲ್ಲೂ ಅವರೇ ಒಬ್ಬರು. ಸೂರ್ಯ ಕಾಣದ ಎರಡು ಊರಿಗೂ ಒಬ್ಬನೇ ಮನುಷ್ಯ! ಇದು ಅಜ್ಜಿಯ ಲೆಕ್ಕಕ್ಕೆ ಬರುತ್ತಿತ್ತೋ ಇಲ್ಲವೋ, ನಾನಂತೂ ಕೈ ಮುಗಿದೆ. ಒಳಗೆ ಬಿಸಿಬೇಳೆಬಾತ್ ತಳ ಹಿಡಿದಿತ್ತು. ನಷ್ಟವಾಗದವರು ಕಾರ್ಕಳದವರಿಬ್ಬರೇ.

ಅಯ್ಯೋ, ಹನ್ನೆರಡೂವರೆ ಆಯಿತು. ಸೂಚನೆಗಳು:

ಸಂಕ್ರಾಂತಿ ಕೂಟ ಇದೇ ಭಾನುವಾರ, ಎಂದಿನ ಸಭಾಂಗಣದಲ್ಲಿ, ಹನ್ನೊಂದಕ್ಕೆ. ಹನ್ನೊಂದು ಅಂದರೆ ಹನ್ನೊಂದು. ಕಬ್ಬು ಈ ಸಲವೂ ತುಂಡು ಮಾಡಿದ್ದೇ ಸಿಕ್ಕಿದ್ದು. ಸಕ್ಕರೆ ಅಚ್ಚಿನ ಮರದ ಪಡಿಯಚ್ಚು ಕಳೆದ ವರ್ಷ ಒಯ್ದವರು ದಯವಿಟ್ಟು ವಾಪಸ್ ತನ್ನಿ, ಹೆಸರು ಹೇಳುವುದಿಲ್ಲ. ಪೊಂಗಲ್‌ಗೆ ತುಪ್ಪ ಇನ್ನೂ ಯಾರೂ ಒಪ್ಪಿಕೊಂಡಿಲ್ಲ. ರಥಸಪ್ತಮಿಗೆ ಮಕ್ಕಳಿಂದ ಸೂರ್ಯನಮಸ್ಕಾರ ಇದೆ, ಚಾಪೆ ನೀವೇ ತನ್ನಿ. ಊರಿಂದ ಬರುವವರು ಯಾರಾದರೂ ಎಕ್ಕದ ಎಲೆ ಹೇಗೆ ತರಬಹುದು ಅಂತ ವಿಚಾರಿಸಬೇಡಿ. ವಿಮಾನ ನಿಲ್ದಾಣದಲ್ಲಿ ಹೋದ ವರ್ಷ ಆದದ್ದೇ ಸಾಕು. ವರ್ಷದ ಚಂದಾ ಬಾಕಿ ಇರುವವರಿಗೆ ಇದು ಮೂರನೇ ನೆನಪು.

ಇನ್ನೊಂದು. ಆರು ವರ್ಷದಿಂದ ಈ ಪುಟಗಳನ್ನು ಜೋಡಿಸುತ್ತಿದ್ದವರು ಮಾರ್ಚ್‌ನಲ್ಲಿ ಸಂಸಾರ ಸಮೇತ ಮೈಸೂರಿಗೆ ಹೊರಟಿದ್ದಾರೆ. ನಮಗೆ ಹೊಟ್ಟೆಕಿಚ್ಚು, ಅವರಿಗೆ ಒಳ್ಳೆಯದಾಗಲಿ. ಆದರೆ ಯುಗಾದಿ ಸಂಚಿಕೆ ಯಾರು ಮಾಡುವುದು? ಕನ್ನಡ ಟೈಪು ಬಂದರೆ ಸಾಕು, ಉಳಿದದ್ದು ಕಲಿಸುತ್ತೇನೆ. ತಿಂಗಳಿಗೆ ಎರಡು ಸಂಜೆ. ಸರಿ, ಮೂರು. ಒಬ್ಬಳಿಗೇ ನಿಜವಾಗಿಯೂ ಆಗುತ್ತಿಲ್ಲ.

ಭಾನುವಾರ ಎಳ್ಳು ಬೆಲ್ಲದ ಪೊಟ್ಟಣ ಮನೆಗೆ ಒಂದೇ. ಎಣಿಸಿ ಕಟ್ಟಿದ್ದೇವೆ. ಒಂದು ಜಾಸ್ತಿ ಕಂಡರೆ ಯಾರೂ ಮುಟ್ಟಬೇಡಿ. ಅದನ್ನು 21ನೇ ತಾರೀಖಿನವರೆಗೆ ತೆಗೆದಿಡಬೇಕು ಅಂತ ಮಗಳು ಮೇಲೆ ಬರೆದಿದ್ದಾಳೆ.